ತುಳುನಾಡಿನ ಘಟ್ಟದ ದಾರಿಗಳಲ್ಲಿ ಕುದುರೆಯ ಸಂಚಾರ: ಋತುಮಾನದ ದೃಷ್ಟಿಯಿಂದ ಒಂದು ವಿಚಾರ

ಪಶ್ಚಿಮ ಸಮುದ್ರದ ರೇವುಗಳಲ್ಲಿ ಅರಬ್ಬೀ ಮತ್ತು ಪಾರಸೀಕ ಕುದುರೆಗಳು ಇಳಿಯುತ್ತಿದ್ದ ಸಂಗತಿಯನ್ನು ಕರ್ನಾಟಕದ ಮಧ್ಯಯುಗದ ಇತಿಹಾಸವನ್ನು ಬರೆದವರಲ್ಲಿ ಪ್ರಸ್ತಾಪಿಸದವರು ವಿರಳ. ಕುದುರೆಗಳ ಸಂಖ್ಯೆ, ಬೆಲೆ, ಸುಂಕ, ಅವುಗಳಿಗಾಗಿ ಅರಸರಲ್ಲಿ ನಡೆದ ಪೈಪೋಟಿ ಇವೆಲ್ಲ ಸಾಕಷ್ಟು ಚರ್ಚಿತವಾಗಿವೆ. ಆದರೆ ಹಡಗಿನಿಂದಿಳಿದ ಕುದುರೆ ತನ್ನ ನಾಲ್ಕು ಕಾಲುಗಳ ಮೇಲೆಯೇ ಘಟ್ಟವನ್ನು ಹತ್ತಬೇಕಾಗಿದ್ದಿತಷ್ಟೆ. ಅದು ಯಾವ ತಿಂಗಳಲ್ಲಿ ಹತ್ತಿತು, ಯಾವ ತಿಂಗಳಲ್ಲಿ ಹತ್ತಲಾರದೆ ನಿಂತಿತು, ಅದನ್ನು ಸುರಕ್ಷಿತವಾಗಿ ನಡೆಸಿಕೊಂಡು ಹೋಗುವವರು ಯಾವ ಎಚ್ಚರಿಕೆಗಳನ್ನು ವಹಿಸಬೇಕಾಗಿದ್ದಿತು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಇವು ಕುದುರೆಯ ಚಾಕರಿ ಮಾಡುವವರ ಪ್ರಶ್ನೆಗಳೇ ಹೊರತು ಇತಿಹಾಸಕಾರರ ಪ್ರಶ್ನೆಗಳಲ್ಲವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ನಮಗೆ ಹಾಗೆ ತೋರುವುದಿಲ್ಲ. ಒಂದು ಸೈನ್ಯದ ಚಲನೆಯನ್ನಾಗಲಿ, ಒಂದು ಸಂಸ್ಥಾನದ ಬಲಾಬಲಗಳನ್ನಾಗಲಿ ತೂಗಿ ನೋಡುವಾಗ ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಮುಂದುವರಿಯುವುದು ಸಾಧ್ಯವಿಲ್ಲ.

ಪ್ರಕೃತ ವಿಚಾರಕ್ಕೆ ನಾವು ಉಜಿರೆಯನ್ನು ನಿಲುಗಡೆಯಾಗಿ ಆರಿಸಿಕೊಂಡಿದ್ದೇವೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಈ ಊರು ಮಂಗಳೂರು, ಬಂಟ್ವಾಳ, ಬೆಳ್ತಂಗಡಿಗಳ ಮೂಲಕ ಬರುವ ದಾರಿ ಚಾರ್ಮಾಡಿ ಘಟ್ಟದ ಕಡೆಗೆ ಮುಂದುವರಿಯುವಲ್ಲಿದೆ. ಇಲ್ಲಿಂದ ಮೂಡಲಿಗೆ ಘಟ್ಟದ ಗೋಡೆ. ವಾಯವ್ಯಕ್ಕೆ ಗಡಾಯಿಕಲ್ಲಿನ ಒಂಟಿ ಬಂಡೆ. ಅದರಾಚೆ 1890 ಮೀಟರಿಗೂ ಮಿಕ್ಕಿ ಎತ್ತರವಿರುವ ಕುದುರೆಮುಖ. ಕಡಲಿನಿಂದ ನೋಡುವ ನಾವಿಕರಿಗೆ ಗುರುತಾಗಿದ್ದ ಈ ಶಿಖರ ಕುದುರೆಯ ಮೋರೆಯನ್ನು ಹೋಲುವುದರಿಂದ ಆ ಹೆಸರು ಬಂದಿತು. ಈ ಸೀಮೆಯಲ್ಲಿ ಮಳೆಗಾಲವೆಲ್ಲ ಬಯಲಿನಲ್ಲಿಯೇ ನಿಂತು ಕೆಡದ ಕುದುರೆ ಇದೊಂದೇ ಎಂದರೆ ವಿನೋದದ ಮಾತಾದರೂ ಸುಳ್ಳಾಗಲಾರದು. ಚಾರ್ಮಾಡಿಯಿಂದ ಮೇಲೆ ಕೊಟ್ಟಿಗೆಹಾರದವರೆಗಿನ ಏರಿನಲ್ಲಿ ದಾರಿಗನು ಕರಾವಳಿಯ ಸೆಖೆಯನ್ನು ಬಿಟ್ಟು ಸುಮಾರು ಮೂರು ಸಾವಿರ ಅಡಿಗಳ ಎತ್ತರದ ಮಲೆನಾಡಿನ ಮಂಜನ್ನು ಸೇರುತ್ತಾನೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರುಗಳ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ.

ಈ ಸೀಮೆಯಲ್ಲಿ ಕುದುರೆಯ ಸ್ಥಾನವೇನಿದ್ದಿತೆಂಬುದಕ್ಕೆ ನಮಗಿರುವ ಹಳೆಯ ಸ್ಪಷ್ಟ ಸಾಕ್ಷ್ಯ ಇಬನ್ ಬತೂತನದು. 14ನೆಯ ಶತಮಾನದ ನಡುಗಾಲದಲ್ಲಿ ಗೋವೆಯಿಂದ ಕೊಲ್ಲಂವರೆಗೆ ಸಂಚರಿಸಿದ ಆತ ಈ ಉದ್ದದ ಕರಾವಳಿಯನ್ನೆಲ್ಲ ಮಲಬಾರವೆಂದೇ ಕರೆದಿದ್ದಾನೆ. ಬಾರಕೂರು ಮಂಗಳೂರುಗಳೂ ಅದರಲ್ಲಿ ಸೇರಿವೆ. ಈ ದೇಶದಲ್ಲಿ ಪ್ರಾಣಿಯ ಮೇಲೆ ಕುಳಿತು ಪ್ರಯಾಣ ಮಾಡುವವರಿಲ್ಲವೆಂದೂ, ಕುದುರೆ ಇರುವುದು ದೊರೆಗೆ ಮಾತ್ರವೆಂದೂ, ಉಳಿದವರು ಆಳುಗಳು ಹೊರುವ ಡೋಲಿಯಲ್ಲಿ ಇಲ್ಲವೆ ಕಾಲ್ನಡಿಗೆಯಲ್ಲಿ ಹೋಗುವರೆಂದೂ ಅವನ ಹೇಳಿಕೆಯ ಸಾರಾಂಶ. ಅದೇ ಪ್ರವಾಸಕಥನದಲ್ಲಿ ಹೊನ್ನಾವರದ ಸುಲ್ತಾನನ ದಂಡು ಗೋವೆಯ ಮೇಲೆ ಏರಿಹೋದಾಗ ಹಿಂಬದಿ ತೆರೆದಿದ್ದ ಹಡಗುಗಳಲ್ಲಿ ಕುದುರೆಗಳನ್ನು ಒಯ್ದುದನ್ನೂ, ಸವಾರರು ಹಡಗಿನೊಳಗೇ ಕುದುರೆಯೇರಿ ನೇರವಾಗಿ ದಡಕ್ಕೆ ಹೊರಬಿದ್ದುದನ್ನೂ ಆತನೇ ವರ್ಣಿಸುತ್ತಾನೆ. ಆದುದರಿಂದ ಕರಾವಳಿಯ ಜನಕ್ಕೆ ಕುದುರೆಯ ಪರಿಚಯವಿರಲಿಲ್ಲವೆಂದಾಗಲಿ, ಅದನ್ನು ಬಳಸುವ ಜಾಣ್ಮೆಯಿರಲಿಲ್ಲವೆಂದಾಗಲಿ ಹೇಳಲು ಬಾರದು. ಪರಿಚಯವಿದ್ದಿತು, ಜಾಣ್ಮೆಯೂ ಇದ್ದಿತು. ಆದರೂ ದಾರಿಯಲ್ಲಿ ಕುದುರೆಯಿರಲಿಲ್ಲ. ಈ ವೈಪರೀತ್ಯಕ್ಕೆ ಸಮಾಧಾನವನ್ನು ಹುಡುಕಬೇಕಾಗಿದೆ.

ಅದಕ್ಕೆ ಮೊದಲು ಒಂದು ಪದವನ್ನು ಕುರಿತು ವಿಚಾರಿಸುವುದು ಅವಶ್ಯಕ. ಅದು ‘ಚಳಿಗಾಲ’ ಎಂಬ ಪದ. ಐರೋಪ್ಯ ಪ್ರವಾಸಿಗಳು ಪಶ್ಚಿಮ ಕರಾವಳಿಯನ್ನು ಕುರಿತು ಬರೆಯುವಾಗ ತಮ್ಮ ಭಾಷೆಗಳಲ್ಲಿ ಚಳಿಗಾಲಕ್ಕಿರುವ ಶಬ್ದವನ್ನು ಮೇಲಿಂದ ಮೇಲೆ ಪ್ರಯೋಗಿಸುತ್ತಾರೆ. ಅವರ ಅಭಿಪ್ರಾಯದಲ್ಲಿ ಅದು ನಮ್ಮ ಹೇಮಂತ ಶಿಶಿರಗಳಲ್ಲ, ಮಳೆಗಾಲ. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಲಿನ್‌ಷೋಟನ್ ಈ ವಿಷಯವನ್ನು ಬಿಡಿಸಿಯೇ ಹೇಳಿದ್ದಾನೆ: ಅಲ್ಲಿಯ ಚಳಿಗಾಲ ಮೇ ತಿಂಗಳಲ್ಲಿ ಮೊದಲಾಗಿ ಸೆಪ್ಟೆಂಬರಿನಲ್ಲಿ ಮುಗಿಯುವುದು, ಚಳಿಯಿಂದಲ್ಲ, ಎಡೆಬಿಡದ ಮಳೆಯಿಂದ ಅದಕ್ಕೆ ಆ ಹೆಸರು. ಪೋರ್ತುಗೀಜರ ಬರವಣಿಗೆಗಳಲ್ಲೆಲ್ಲ ಇದೇ ರೂಢಿ. ಸಮುದ್ರ ಮುಚ್ಚಿ, ಹಡಗು ದಡಸೇರಿ, ದಂಡು ಬಿಡಾರದಲ್ಲಿ ಕೂರುವ ಕಾಲವೇ ಅವರ ಪಾಲಿಗೆ ಚಳಿಗಾಲ. ಇದನ್ನರಿಯದೆ ಇಂಗ್ಲಿಷ್ ಅನುವಾದಗಳನ್ನು ಅಕ್ಷರಶಃ ಹಿಡಿದು, ಚಳಿಗಾಲದಲ್ಲಿ ಕುದುರೆಗಳು ನಿಂತುಬಿಡುತ್ತಿದ್ದುವೆಂದು ಓದಿಕೊಂಡರೆ ವರ್ಷದ ಕ್ರಮವೇ ತಲೆಕೆಳಗಾಗುತ್ತದೆ. ವಾಸ್ತವವಾಗಿ ನಮ್ಮ ಚಳಿಗಾಲವೇ ಕುದುರೆಗಳು ನಡೆಯುತ್ತಿದ್ದ ಕಾಲ.

ಈ ಅರ್ಥವ್ಯತ್ಯಾಸಕ್ಕೆ ಅತ್ಯುತ್ತಮ ನಿದರ್ಶನವನ್ನು ಒದಗಿಸುವವನು ರಷ್ಯದ ವರ್ತಕ ಅಫನಾಸಿ ನಿಕಿತಿನ್. 1470ರ ಸುಮಾರಿನಲ್ಲಿ ಆತ ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದು ಚೌಲ್ ರೇವಿನಲ್ಲಿಳಿದನು. ಸಹ್ಯಾದ್ರಿಯನ್ನು ದಾಟಿ ಜುನ್ನಾರಕ್ಕೆ ಬಂದನು. ಅಲ್ಲಿ ಅವನನ್ನು ‘ಚಳಿಗಾಲ’ ಹಿಡಿಯಿತು. ನಾಲ್ಕು ತಿಂಗಳು ಹಗಲಿರುಳೂ ನೀರು, ಎಲ್ಲೆಲ್ಲಿಯೂ ಕೆಸರು ಎಂದು ಆತ ಬರೆದುದನ್ನು ನೋಡಿದರೆ ಆ ಚಳಿಗಾಲ ಯಾವುದೆಂಬುದರಲ್ಲಿ ಸಂದೇಹವುಳಿಯುವುದಿಲ್ಲ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲವೆಂದೂ, ಸಾಕುವವರು ಅದಕ್ಕೆ ಕಾಳನ್ನೂ ಸಕ್ಕರೆ ಜಿಡ್ಡುಗಳನ್ನು ಬೆರಸಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುವರೆಂದೂ ಆತ ಗುರುತುಹಾಕಿಕೊಂಡಿದ್ದಾನೆ. ಜುನ್ನಾರದ ಅಧಿಪತಿ ಆ ಕುದುರೆಯನ್ನು ಕಸಿದುಕೊಂಡು, ಮತಾಂತರಗೊಂಡರೆ ಹಿಂದಿರುಗಿಸುವೆನೆಂದು ಬೆದರಿಸಿದುದು, ಕಡೆಗೆ ಒಬ್ಬ ಹಿತೈಷಿಯ ಮಾತಿನಿಂದ ಅದು ಮರಳಿ ದೊರೆತುದು ಪ್ರಸಿದ್ಧವಾದ ಕಥೆ. ನಮ್ಮ ವಿಚಾರಕ್ಕೆ ಅದಕ್ಕಿಂತಲೂ ಮುಖ್ಯವಾದುದು ಮುಂದಿನ ಸಂಗತಿ. ಮಳೆ ಮುಗಿದ ಮೇಲೆ ಆತ ಬೀದರಿಗೆ ನಡೆದನು, ಅಲ್ಲಿ ಕುದುರೆಯನ್ನು ಮಾರಿದನು. ಒಂದು ವರ್ಷ ಅದನ್ನು ಸಾಕಿದುದಕ್ಕೆ ತಗುಲಿದ ವೆಚ್ಚವನ್ನೂ ಲೆಕ್ಕವಿಟ್ಟು ಬರೆದಿದ್ದಾನೆ. ಮಳೆಗಾಲದಲ್ಲಿ ಕುದುರೆಯನ್ನು ನಡೆಸದೆ ನಿಲ್ಲಿಸಿಕೊಂಡು, ಅದರ ಹೊಟ್ಟೆಗೆ ಹಾಕುತ್ತ ಕುಳಿತುದರಿಂದಲೇ ಅದು ಬೀದರನ್ನು ಜೀವಸಹಿತ ಸೇರಿತು. ಆತ ಆಳಂದದ ಜಾತ್ರೆಯನ್ನೂ ಹೆಸರಿಸಿ, ಅಲ್ಲಿ ಮಾರಾಟಕ್ಕೆ ಇಪ್ಪತ್ತು ಸಾವಿರ ಕುದುರೆಗಳು ಬರುವುವೆನ್ನುತ್ತಾನೆ. ಸಂಖ್ಯೆಯನ್ನು ಯಥಾವತ್ತಾಗಿ ನಂಬಬೇಕಾದುದಿಲ್ಲ.

ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸುವ ಈ ಕ್ರಮ ತುಳುನಾಡಿಗೆ ಹೊರಗಿನವರು ಕಲಿಸಿದುದಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಭೂತಗಳ ಕೋಲ, ನೇಮ, ಯಕ್ಷಗಾನದ ಮೇಳಗಳ ತಿರುಗಾಟ ಎಲ್ಲವೂ ಮುಗಿಯುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ಜೈನ ಯತಿಗಳ ಚಾತುರ್ಮಾಸ್ಯವೂ ಇದೇ ಅವಧಿಯಲ್ಲಿ ಬರುವುದು. ಇತ್ತ ಅರಬ್ಬೀ ಸಮುದ್ರದ ಹಡಗುಗಳ ಪಂಚಾಂಗವಾದರೋ ಇದಕ್ಕೆ ಸರಿಯಾಗಿ ಹೊಂದಿಕೊಂಡಿದೆ. ಜೂನ್ ಜುಲೈಗಳಲ್ಲಿ ಈ ತೀರದ ರೇವುಗಳು ಮುಚ್ಚಿರುತ್ತಿದ್ದುವು. ನೈಋತ್ಯ ಮಾರುತದ ಬಿರುಸು ತಗ್ಗಿದ ಮೇಲೆ ಸೆಪ್ಟೆಂಬರಿನಿಂದ ಹಡಗುಗಳು ಬರತೊಡಗುತ್ತಿದ್ದುವು. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದ ಕುದುರೆಯ ಕಾಲುಗಳು ಬಾತಿರುತ್ತವೆ, ಮೈ ಇಳಿದಿರುತ್ತದೆ. ಅದಕ್ಕೆ ರೇವಿನಲ್ಲಿ ಕೆಲವು ಕಾಲ ವಿಶ್ರಾಂತಿ ಕೊಟ್ಟು, ನೆಲದ ರೂಢಿ ಮಾಡಿಸಿ, ದಾರಿ ಒಣಗಿದ ಮೇಲೆ ಘಟ್ಟಕ್ಕೆ ಹೊರಡಿಸಬೇಕು. ಹೀಗೆ ಎಣಿಸಿದರೆ ಉಜಿರೆಯಂತಹ ಘಟ್ಟದಡಿಯ ಊರನ್ನು ಕುದುರೆ ತಲಪಬಹುದಾದ ಕಾಲ ಕಾರ್ತಿಕದಿಂದ ಫಾಲ್ಗುಣದವರೆಗೆ ಎಂದಾಗುತ್ತದೆ. ಮಹಾನವಮಿಯ ಅಶ್ವಪೂಜೆ ಮತ್ತು ದಂಡಿನ ತಪಾಸಣೆ ಮಳೆಯ ಹಿಂದೆಯೇ ಬರುವುದನ್ನೂ, 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪಾಯೆಸ್ ಆ ಹಬ್ಬದ ಕುದುರೆಗಳ ಅಲಂಕಾರವನ್ನು ವಿವರವಾಗಿ ಬಣ್ಣಿಸಿರುವುದನ್ನೂ ಇಲ್ಲಿ ನೆನೆಯಬಹುದು.

ಮಳೆಯಲ್ಲಿ ಕುದುರೆಗೆ ಆಗುವುದೇನು? ಒಣ ಚಳಿಯನ್ನು ಕುದುರೆ ಬಹಳಮಟ್ಟಿಗೆ ತಡೆದುಕೊಳ್ಳಬಲ್ಲುದು. ಅದರ ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಯ ಬಿಸಿ ಹೊರಹೋಗುವುದಿಲ್ಲ. ಕೂದಲು ತೊಯ್ದು ಅಂಟಿಕೊಂಡಿತೆಂದರೆ ಈ ರಕ್ಷೆ ಇಲ್ಲವಾಗುತ್ತದೆ. ಮೇಲೆ ಗಾಳಿಯೂ ಬೀಸಿದರೆ ಕರಾವಳಿಯಂತಹ ಸೌಮ್ಯವಾದ ಹವೆಯಲ್ಲಿಯೂ ಕುದುರೆ ನಡುಗುತ್ತದೆ. ಬಹುಕಾಲ ತೊಯ್ದ ಚರ್ಮದಲ್ಲಿ ಹಕ್ಕಳೆಗಟ್ಟುವ ಹುಣ್ಣುಗಳೇಳುತ್ತವೆ. ಜೀನು ಕೂರುವೆಡೆಯಲ್ಲಿ ಇಂತಹ ಹುಣ್ಣಾದರೆ ಸವಾರಿ ಮುಗಿದಂತೆಯೇ ಸರಿ. ಕೆಸರಿನಲ್ಲಿ ನಿಂತ ಗೊರಸು ನೆನೆದು ಮೆತ್ತಗಾಗುತ್ತದೆ, ಅದರ ತಳದ ನಡುವಣ ಮೃದುವಾದ ಭಾಗ ಕೊಳೆತು ನಾರುತ್ತದೆ. ಇವು ಕಣ್ಣಿಗೆ ಕಾಣುವ ಕೇಡುಗಳು. ಇವಕ್ಕಿಂತ ಘೋರವಾದುವು ಕಾಣದಿರುವುವು. ‘ಸರ್ರ’ ಎಂಬ ಮಾರಕವಾದ ರೋಗ ಮಳೆಯ ಕಾಲದಲ್ಲಿಯೂ ಅದರ ಬೆನ್ನಿಗೂ ಹೆಚ್ಚಾಗುವ ಕಚ್ಚುನೊಣಗಳಿಂದ ಹರಡುತ್ತದೆ. ಅದರ ಮೂಲವಾದ ರಕ್ತದೊಳಗಣ ಜೀವಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕಂಡುಹಿಡಿದನು. ಸೊಂಟದ ಬಲವುಡುಗಿ ಹಿಂಗಾಲುಗಳನ್ನೆಳೆದುಕೊಂಡು ನಡೆಯುವಂತೆ ಮಾಡುವ ‘ಕುಮ್ರಿ’ ಸೊಳ್ಳೆಗಳ ಮೂಲಕ ಸೇರುವ ದಾರದಂತಹ ಹುಳುಗಳಿಂದ ಬರುವುದು. ‘ಬರ್ಸಾತಿ’ ಎಂಬ ಹುಣ್ಣಿಗೆ ಉತ್ತರ ಹಿಂದೂಸ್ಥಾನದ ಸಾಹಣಿಗರು ಮಳೆಯ ಹೆಸರನ್ನೇ ಇಟ್ಟಿದ್ದಾರೆ. ರೋಗದ ಕಾರಣ ತಿಳಿಯದಿದ್ದರೂ ಅದರ ಕಾಲವನ್ನು ಅವರು ಸರಿಯಾಗಿ ಗುರುತಿಸಿದ್ದರೆಂಬುದಕ್ಕೆ ಹೆಸರೇ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮಳೆಯೇ ಕಾರಣವಾದರೆ ಇಕ್ಕೇರಿ ಬಿದನೂರುಗಳ ಅರಸರು ಕುದುರೆಗಳನ್ನು ಹೇಗೆ ಸಾಕಿದರು? ಬಿದನೂರಿನ ಮಳೆ ಉಜಿರೆಯ ಮಳೆಗೆ ಸೋಲುವುದಲ್ಲ. ಕೆಳದಿಯ ಬಸಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಗಜಶಾಸ್ತ್ರದೊಡನೆ ಅಶ್ವಶಾಸ್ತ್ರಕ್ಕೂ ಸ್ಥಾನವಿದೆ, ತುಳುನಾಡು ಆಗ ಈ ಅರಸರಿಗೇ ಅಧೀನವಾಗಿದ್ದಿತೆಂಬುದೂ ಸ್ಮರಣೀಯ. ಆಕ್ಷೇಪ ಸಾಧುವಾದುದೇ. ಅದಕ್ಕೆ ನಮ್ಮ ಉತ್ತರ ಇಷ್ಟು: ಲಾಯದಲ್ಲಿ ಕುದುರೆಯನ್ನು ಉಳಿಸುವುದು ಒಂದು ಕೆಲಸ, ದಾರಿಯಲ್ಲಿ ಅದನ್ನು ನಡೆಸುವುದು ಇನ್ನೊಂದು. ಎತ್ತರದ ಜಗಲಿ, ಒಣ ಹುಲ್ಲಿನ ಹಾಸು, ಹೊಗೆ, ಬೇಯಿಸಿದ ಹುರುಳಿ, ದಿನವೂ ಗೊರಸನ್ನು ಕೆರೆದು ಒರಸುವ ಆಳು, ಇಷ್ಟಿದ್ದರೆ ಮಲೆನಾಡಿನ ಮಳೆಯಲ್ಲಿಯೂ ಕುದುರೆ ಬದುಕೀತು. ರಾಜಧಾನಿಯ ಅರಸನಿಗೆ ಇದು ಸಾಧ್ಯ. ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಬೆಳ್ತಂಗಡಿಯ ಮೂಲರು, ಮೂಡಬಿದಿರೆಯ ಚೌಟರು ಮೊದಲಾದ ಸಣ್ಣ ಸೀಮೆಗಳ ಅರಸರಿಗೆ ಹತ್ತಿಪ್ಪತ್ತು ಕುದುರೆಗಳ ಲಾಯವನ್ನು ಈ ರೀತಿ ನಡೆಸುವುದೇ ಭಾರವಾಗಿದ್ದಿರಬೇಕು. ಕುದುರೆಯ ಮುಖ್ಯ ಆಹಾರವಾದ ಹುರುಳಿಯನ್ನು ತುಳುವರು ‘ಕುಡು’ ಎನ್ನುತ್ತಾರೆ, ಬೆಳೆಯುತ್ತಾರೆ ಕೂಡ. ಆದರೆ ಭತ್ತವೇ ಪ್ರಧಾನವಾದ ಈ ನಾಡಿನಲ್ಲಿ ಅದು ಮನೆಯ ಸಾರಿಗೆ ಸಾಲುವ ಬೆಳೆಯೇ ಹೊರತು ಅಶ್ವದಳವನ್ನು ಸಾಕುವ ಬೆಳೆಯಲ್ಲ. ಹುರುಳಿಯ ಸೀಮೆ ಇರುವುದು ಘಟ್ಟದ ಮೇಲೆ, ರಾಗಿಯ ಸೀಮೆಯ ಜೊತೆಗೆ.

ನೆಲದ ಸ್ವರೂಪವನ್ನೂ ಮರೆಯಲಾಗದು. ಇತಿಹಾಸಗ್ರಂಥಗಳಲ್ಲಿ ‘ಮಂಗಳೂರು ರಾಜ್ಯ’ವೆಂಬ ಹೆಸರನ್ನು ಓದುವವರಿಗೆ ನಕ್ಷೆಯ ಮೇಲಿನ ಸಮನಾದ ಬಣ್ಣವೊಂದು ಕಣ್ಣೆದುರು ಬರಬಹುದು. ಬಂಟ್ವಾಳದಿಂದ ಉಜಿರೆಯವರೆಗೆ ನಡೆದು ನೋಡಿದವರಿಗೆ ಗೊತ್ತು: ಗುಡ್ಡ, ಗುಡ್ಡದ ಬುಡದಲ್ಲಿ ಬೈಲು, ಬೈಲಿನ ನಡುವೆ ತೋಡು, ತೋಡಿನಾಚೆ ಮತ್ತೆ ಗುಡ್ಡ. ಗದ್ದೆಗಳ ನಡುವಣ ದಾರಿ ‘ಕಟ್ಟಪುಣಿ’ಯ ಮೇಲೆ, ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಗಲ. ತೋಡಿಗೆ ಅಡ್ಡಲಾಗಿ ಅಡಕೆಯ ಮರದ ‘ಸಂಕ’. ಕೈಯಲ್ಲಿ ಚಪ್ಪಲಿ ಹಿಡಿದು ಮನುಷ್ಯ ದಾಟಬಹುದು, ಕುದುರೆ ದಾಟಲಾರದು. ಗುಡ್ಡಗಳ ಮೇಲಿನ ಮುರಕಲ್ಲಿನ ಹಾಸು ಬೇಸಗೆಯಲ್ಲಿ ಗೊರಸನ್ನು ಸವೆಸುತ್ತದೆ, ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತದೆ. ಲಾಳ ಕಟ್ಟಿದ ಕಾಲಿಗೆ ಒದ್ದೆಯ ಕಲ್ಲು ಇನ್ನೂ ಅಪಾಯಕರ. ಎರಡು ಮಗ್ಗುಲಿಗೂ ಮಣ್ಣಿನ ಗೋಡೆಯಿರುವ ಆಳವಾದ ಓಣಿಗಳು ಜೂನ್ ತಿಂಗಳಲ್ಲಿ ಹಳ್ಳಗಳಾಗಿ ಹರಿಯುತ್ತವೆ. ಇಂತಹ ನೆಲದಲ್ಲಿ ಮೇನೆ ಮಂಚಿಲುಗಳು ಕುದುರೆಯನ್ನು ಸೋಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಎಂಟು ಕಾಲುಗಳ ಬೋವಿಗಳು ನಾಲ್ಕು ಕಾಲಿನ ಪ್ರಾಣಿಗಿಂತ ಚೆನ್ನಾಗಿ ಹೆಜ್ಜೆಯನ್ನು ಆಯ್ದುಕೊಳ್ಳಬಲ್ಲರು. 1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಕೊಡೆ ಹಿಡಿದ ಪರಿವಾರದೊಡನೆ ಕಾಲ್ನಡಿಗೆಯಲ್ಲಿಯೇ ಹೋಗಿ ನೀರಿನ ಕಾಲುವೆಯ ಕೆಲಸವನ್ನು ನೋಡುತ್ತಿದ್ದಳು. ಇದನ್ನು ಬಡತನದ ಗುರುತೆಂದು ತಿಳಿದವರುಂಟು. ಗದ್ದೆಯ ಕೆಲಸವನ್ನು ಗದ್ದೆಯ ಬದಿಯಲ್ಲಿ ನಡೆದು ನೋಡದೆ ಬೇರೆ ಹೇಗೆ ನೋಡಬೇಕಾಗಿದ್ದಿತೋ ಅವರು ಹೇಳಿಲ್ಲ.

ಭಾರತೀಯರಿಗೆ ಕುದುರೆಯನ್ನು ಸಾಕಲು ಬಾರದೆಂಬ ಹಳೆಯ ಅಪವಾದವನ್ನು ಈ ಬೆಳಕಿನಲ್ಲಿ ಮತ್ತೆ ಪರಿಶೀಲಿಸಬೇಕು. ಈ ಅಪವಾದದ ಮೂಲಪುರುಷ ಮಾರ್ಕೊ ಪೋಲೊ. ವರ್ಷವರ್ಷವೂ ಸಾವಿರಾರು ಕುದುರೆಗಳು ಬಂದರೂ ವರ್ಷ ಕಳೆಯುವುದರೊಳಗೆ ಬಹುಪಾಲು ಸಾಯುವುವು, ಅಲ್ಲಿಯವರಿಗೆ ಅಶ್ವಪಾಲನೆ ತಿಳಿಯದು, ಲಾಳ ಕಟ್ಟುವವರಿಲ್ಲ, ಮಾರುವ ವರ್ತಕರೇ ಅಂಥವರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವರು ಎಂದು ಆತನ ದೂರು. ಪಾರಸೀಕ ಇತಿಹಾಸಕಾರನಾದ ವಸ್ಸಾಫನು ವರ್ಷಕ್ಕೆ ಹತ್ತು ಸಾವಿರ ಕುದುರೆಗಳ ರಫ್ತನ್ನೂ ತಲೆಗೆ 220 ದೀನಾರುಗಳ ಬೆಲೆಯನ್ನೂ ಹೇಳಿ, ಹುರಿದ ಕಾಳಿಗೆ ಬೆಣ್ಣೆ ಬೆರಸಿ ತಿನ್ನಿಸುವುದನ್ನು ಹಾಸ್ಯಮಾಡುತ್ತಾನೆ. ಇಬ್ಬರ ಮಾತೂ ಮಅಬರಕ್ಕೆ, ಎಂದರೆ ಪೂರ್ವ ತೀರದ ಪಾಂಡ್ಯರ ನಾಡಿಗೆ ಸಂಬಂಧಿಸಿದುದು. ಅದನ್ನು ಎತ್ತಿ ಪಶ್ಚಿಮ ತೀರದ ಮೇಲೆ ಹೊರಿಸುವುದು ಮೊದಲನೆಯ ತಪ್ಪು. ಮರಣಕ್ಕೆ ಅಜ್ಞಾನವೊಂದೇ ಕಾರಣವೆನ್ನುವುದು ಎರಡನೆಯ ತಪ್ಪು. ಒಣನಾಡಿನಲ್ಲಿ ಹುಟ್ಟಿದ ಪ್ರಾಣಿಯನ್ನು ನೊಣ ಸೊಳ್ಳೆಗಳ ತೇವದ ನಾಡಿಗೆ ತಂದರೆ ಯಾವ ಜ್ಞಾನವೂ ಆ ಕಾಲದಲ್ಲಿ ಅದನ್ನು ಪೂರ್ತಿಯಾಗಿ ಕಾಯಲಾರದಾಗಿದ್ದಿತು; 1880ಕ್ಕೆ ಮುಂಚೆ ಸರ್ರದ ಕಾರಣವನ್ನು ಯೂರೋಪಿನವರೂ ಅರಿತಿರಲಿಲ್ಲ. ಬೆಣ್ಣೆ ಬೆರಸಿದ ಕಾಳನ್ನು ಕುರಿತು ನಗುವವರು ಅದೇ ತೆರನಾದ ಖಿಚಡಿಯ ಮೇಲೆಯೇ ನಿಕಿತಿನನ ಕುದುರೆ ಮಳೆಗಾಲವನ್ನು ಕಳೆದಿರಬಹುದೆಂಬುದನ್ನು ಆಲೋಚಿಸಬೇಕು.

ಇನ್ನು ಶಾಸ್ತ್ರಜ್ಞಾನದ ಮಾತು. ಶಾಲಿಹೋತ್ರ, ನಕುಲ, ಜಯದತ್ತರ ಪರಂಪರೆ ಸಂಸ್ಕೃತದಲ್ಲಿದ್ದರೆ, ಕನ್ನಡದಲ್ಲಿಯೇ 1400ರ ಸುಮಾರಿನ ಅಭಿನವಚಂದ್ರನ ‘ಅಶ್ವವೈದ್ಯ’, 1627ರ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಮೊದಲಾದ ಗ್ರಂಥಗಳಿವೆ. ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲಿಯ ವಿಸ್ತಾರವಾದ ವರ್ಣನೆಯಿದೆ. ಅಗ್ನಿಪುರಾಣದ ಅಶ್ವಚಿಕಿತ್ಸೆಯ ಪ್ರಕರಣದಲ್ಲಿ ಋತುವಿಗೆ ತಕ್ಕಂತೆ ಕುದುರೆಗೆ ತುಪ್ಪ ತೈಲಗಳ ಪಾನವನ್ನು ಬದಲಿಸಬೇಕೆಂಬ ವಿಧಿಯೇ ಇದೆ. ಈ ಗ್ರಂಥಗಳನ್ನು ಭಾಷೆಯ ದೃಷ್ಟಿಯಿಂದ ನೋಡಿದಷ್ಟು ಋತುಚರ್ಯೆಯ ದೃಷ್ಟಿಯಿಂದ ನೋಡಿಲ್ಲ. ಸುಳಿ, ಬಣ್ಣ, ಶುಭಾಶುಭ ಲಕ್ಷಣಗಳ ಪಟ್ಟಿಯೇ ಅಶ್ವಶಾಸ್ತ್ರವೆಂಬ ತಾತ್ಸಾರ ನಮ್ಮ ವಿದ್ವಾಂಸರಲ್ಲಿಯೂ ಉಂಟು. ಆ ಪಟ್ಟಿಗಳ ನಡುವೆ ಮೇವು, ನೀರು, ವಿಶ್ರಾಂತಿಗಳನ್ನು ಕುರಿತ ಅನುಭವದ ಮಾತುಗಳೂ ಅಡಗಿವೆ.

ಈಗ ನಿಜವಾದ ಚಳಿಗಾಲಕ್ಕೆ, ಎಂದರೆ ಮಾರ್ಗಶಿರ ಪುಷ್ಯಗಳಿಗೆ ಬರೋಣ. ದಾರಿ ಒಣಗಿದೆ, ತೋಡುಗಳು ಇಳಿದಿವೆ, ಕೊಯ್ಲಾದ ಗದ್ದೆಗಳೇ ಬಯಲುದಾರಿಗಳಾಗಿವೆ. ಆದರೂ ಘಟ್ಟದ ಏರು ಅಪಾಯರಹಿತವಲ್ಲ. ಉಜಿರೆಯಲ್ಲಿ ಮಧ್ಯಾಹ್ನ ಬೆವರಿಸುವ ದಿನಗಳಲ್ಲಿಯೇ ಘಟ್ಟದ ಮೇಲೆ ಮುಂಜಾವದ ಮಂಜು ಬಹಳ ಹೊತ್ತಿನವರೆಗೆ ಎದುರಿನ ತಿರುವನ್ನು ಮುಚ್ಚಿರುತ್ತದೆ. ನೆಲದ ಮೇಲೆ ಬಿದ್ದ ತರಗೆಲೆ ಇಬ್ಬನಿಯಿಂದ ತೊಯ್ದು, ಮೇಲೆ ಒಣಗಿದಂತೆ ಕಂಡರೂ ಕೆಳಗೆ ಜಾರುತ್ತದೆ. ಅನುಭವಸ್ಥರಾದ ಅಶ್ವಪಾಲಕರೆಲ್ಲ ಒಪ್ಪುವ ನಿಯಮಗಳನ್ನು ಈ ದಾರಿಗೆ ಹೊಂದಿಸಿ ಹೇಳುವುದಾದರೆ, ಕುದುರೆಯನ್ನು ಹೊರಡಿಸಬೇಕಾದುದು ಮಂಜು ಬಿಟ್ಟ ಮೇಲೆ. ಮೊದಲು ಕೆಲವು ದೂರ ಬರಿಯ ನಡಿಗೆಯಲ್ಲಿಯೇ ನಡೆಸಿ ಸ್ನಾಯುಗಳು ಬಿಸಿಯಾಗುವಂತೆ ನೋಡಿಕೊಳ್ಳಬೇಕು. ಏರಿನಲ್ಲಿ ಲಗಾಮನ್ನು ಸಡಿಲಬಿಟ್ಟು ಕುತ್ತಿಗೆಯನ್ನು ಮುಂಚಾಚಲು ಬಿಡಬೇಕು. ಕಡಿದಾದ ಇಳಿತದಲ್ಲಿ ಸವಾರನು ಇಳಿದು ನಡೆಯುವುದೇ ಲೇಸು. ಎಲ್ಲಕ್ಕಿಂತ ಹೆಚ್ಚಿನ ಗಂಡಾಂತರ ಇರುವುದು ಏರಿನ ತುದಿಯಲ್ಲಿ. ಬೆವರಿನಿಂದ ತೊಯ್ದ ಕುದುರೆ ಗಾಳಿಯ ಬಾಯಿಯಲ್ಲಿ ನಿಂತರೆ ಬೆವರೇ ಮಳೆಯ ಕೆಲಸವನ್ನು ಮಾಡುತ್ತದೆ. ಕೂಡಲೆ ಜೀನನ್ನು ಕಿತ್ತು ಬೆನ್ನನ್ನು ತೆರೆದಿಡದೆ, ಒಣಹುಲ್ಲಿನಿಂದ ಮೈಯನ್ನುಜ್ಜಿ, ಮೇಲೆ ಕಂಬಳಿ ಹೊದಿಸಿ, ಮೆಲ್ಲನೆ ನಡೆದಾಡಿಸಿ ಆರಿಸಬೇಕು. ಕಾಳನ್ನು ತಿನ್ನಿಸುವುದು ಮೈ ಆರಿದ ಮೇಲೆ. ಕುದುರೆಯ ವರ್ತಕನಿಗೆ ಇದು ಬರಿಯ ಕರುಣೆಯ ಮಾತಾಗಿರಲಿಲ್ಲ. ಒಂದೊಂದು ಕುದುರೆಯೂ ಅವನ ಮೂಲಧನದ ಒಂದೊಂದು ತುಂಡು.

ಆ ಮೂಲಧನ ಎಷ್ಟು ಬೇಗ ನಷ್ಟವಾಗುತ್ತಿದ್ದಿತೆಂಬುದಕ್ಕೆ ನೂನಿಜನ ಒಂದು ಮಾತು ಸಾಕು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಜೀವಂತವಾಗಿಯಾಗಲಿ ಸತ್ತುದನ್ನಾಗಲಿ ಸಾವಿರ ಪರದಾವುಗಳಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದ ಮೇಲೆ ಸತ್ತುದರ ಬಾಲವನ್ನು ಮಾತ್ರ ತಂದು ತೋರಿಸಿದರೂ ಹಣ ಸಲ್ಲುತ್ತಿದ್ದಿತಂತೆ. ವಸ್ಸಾಫನೂ ದಾರಿಯಲ್ಲಿ ಸತ್ತ ಕುದುರೆಗಳಿಗೆ ಬೆಲೆ ಕೊಡುವ ಕರಾರನ್ನು ಹೇಳುವುದರಿಂದ ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಸಮುದ್ರದ ಅಪಾಯವನ್ನು ಅರಸನು ವಹಿಸಿಕೊಂಡರೆ ಮಾತ್ರ ವರ್ತಕನು ತರಲು ಒಡಂಬಡುವನು. ಕೃಷ್ಣದೇವರಾಯನು ಹೊರ್ಮುಜಿನ ಮತ್ತು ನಾಡತಳಿಯ ಕುದುರೆಗಳನ್ನು ವರ್ಷಕ್ಕೆ ಹದಿಮೂರು ಸಾವಿರದಂತೆ ಕೊಳ್ಳುತ್ತಿದ್ದನೆಂದೂ ನೂನಿಜನೇ ಹೇಳುತ್ತಾನೆ. ಪ್ರತಿವರ್ಷವೂ ಅಷ್ಟೊಂದು ಕೊಳ್ಳಬೇಕಾಗಿ ಬಂದಿತೆಂದರೆ ಪ್ರತಿವರ್ಷವೂ ಬಹಳ ನಷ್ಟವಾಗುತ್ತಿದ್ದಿತೆಂದೇ ಅರ್ಥ. ಈ ಕುದುರೆಗಳಲ್ಲಿ ಹೆಚ್ಚಿನವು ಇಳಿದುದು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ. 1547ರಲ್ಲಿ ವಿಜಯನಗರಕ್ಕೂ ಪೋರ್ತುಗೀಜರಿಗೂ ಆದ ಒಪ್ಪಂದವೂ ಗೋವೆಯ ಕುದುರೆಗಳನ್ನು ಕುರಿತುದು. ಚಾರ್ಮಾಡಿಯ ದಾರಿ ಈ ವ್ಯಾಪಾರದಲ್ಲಿ ಹೆದ್ದಾರಿಯಾಗಿದ್ದಿತೆಂದು ನಾವು ಸಾಧಿಸಹೊರಟಿಲ್ಲ. ಉಪ್ಪು, ಮೀನು, ಅಕ್ಕಿಗಳನ್ನು ಹೊತ್ತ ಹೇರೆತ್ತುಗಳ ದಾರಿಯಲ್ಲಿ ಕುದುರೆ ಅತಿಥಿಯಂತೆ ಬಂದು ಹೋಗುತ್ತಿದ್ದಿತು ಎಂದರೆ ಸಾಕು.

ಅತಿಥಿಗೆ ಸಲ್ಲುವ ಗೌರವ ಮಾತ್ರ ಅದಕ್ಕೆ ಪೂರ್ಣವಾಗಿ ಸಂದಿದೆ. ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರದೊಡನೆ, ಐವರು ಹೆಂಗಸರ ಮೈಗಳನ್ನು ಹೆಣೆದು ಒಂದು ಕುದುರೆಯ ಆಕಾರವನ್ನು ಮೂಡಿಸಿದ ಪಂಚನಾರೀತುರಗವಿದೆ. ಅದೇ ಊರಿನ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆಯ ಕೆತ್ತನೆಯೂ ಇರುವುದರಿಂದ, ಕಡಲಾಚೆಯ ಪ್ರಾಣಿಗಳ ಸುದ್ದಿ ಇಲ್ಲಿಯ ಶಿಲ್ಪಿಗಳವರೆಗೆ ಹೇಗೋ ಬಂದು ಮುಟ್ಟುತ್ತಿದ್ದಿತೆಂಬುದು ನಿಶ್ಚಯ. ಭೂತಸ್ಥಾನಗಳಲ್ಲಿ ದೈವದ ವಾಹನವಾಗಿ ಮರದ ಕುದುರೆಯನ್ನು ಗಾಲಿಯ ಬಂಡಿಯ ಮೇಲೆ ನಿಲ್ಲಿಸುವುದುಂಟು. ಜೀವಂತ ಕುದುರೆ ವಿರಳವಾದಷ್ಟೂ ಮರದ ಕುದುರೆಗೆ ರಾಜಠೀವಿ ಹೆಚ್ಚಾಯಿತೆಂದು ನಮಗೆ ತೋರುತ್ತದೆ. ಘಟ್ಟದ ಮೇಲಿನ ಅರಸರು ವಾಹ್ಯಾಲಿಯ ಬಯಲಿನಲ್ಲಿ ಕುದುರೆಯೋಡಿಸಿದರೆ, ಇಲ್ಲಿ ಅದೇ ಚಳಿಗಾಲದಲ್ಲಿ ಕೆಸರು ತುಂಬಿದ ಗದ್ದೆಯಲ್ಲಿ ಕೋಣಗಳನ್ನು ಓಡಿಸುವ ಕಂಬಳ ನಡೆಯುತ್ತದೆ. ನೆಲ ಯಾವ ಪ್ರಾಣಿಯನ್ನು ಒಪ್ಪುವುದೋ ಆ ಪ್ರಾಣಿಯಲ್ಲಿ ಅಭಿಮಾನ ನೆಲಸುವುದು ಸಹಜ.

ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ಈ ಋತುನಿಯಮ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದುದು ಒಣ ತಿಂಗಳುಗಳಲ್ಲಿ. ಟೀಪುವಿನ ಮಂಗಳೂರು ಮುತ್ತಿಗೆ 1783ರ ಮೇ ತಿಂಗಳಲ್ಲಿ ಮೊದಲಾಗಿ ಮಳೆಗಾಲವನ್ನೆಲ್ಲ ನುಂಗಿ 1784ರ ಜನವರಿಯ ಕೊನೆಯವರೆಗೆ ನಡೆಯಿತು. ಬಯಲಿನ ಕಾಳಗದಲ್ಲಿ ಹೆಸರಾದ ಮೈಸೂರಿನ ರಾವುತರಿಗೆ ಆ ಕೆಸರಿನ ಕಂದಕಗಳಲ್ಲಿ ಕೆಲಸವೇ ಇರಲಿಲ್ಲ. ಬಳಿಕ 1794ರಲ್ಲಿ ಟೀಪು ಗಡಾಯಿಕಲ್ಲಿನ ಮೇಲೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಾಲಾಬಾದೆಂದು ಕರೆದ ಕೋಟೆಗೆ ಇರುವುದು ಬಂಡೆಯಲ್ಲಿ ಕಡಿದ ಒಂದೇ ಇಕ್ಕಟ್ಟಿನ ಮೆಟ್ಟಿಲದಾರಿ. ಕೋಟೆಯ ಅಧಿಕಾರಿಯೂ ಕುದುರೆಯನ್ನು ಬುಡದಲ್ಲಿಯೇ ಬಿಟ್ಟು ಹತ್ತಬೇಕು. ಅಶ್ವಬಲದಿಂದ ರಾಜ್ಯ ಕಟ್ಟಿದವರು ಈ ಸೀಮೆಯಲ್ಲಿ ಕುದುರೆ ಹತ್ತಲಾರದ ಬಂಡೆಯನ್ನೇ ನಂಬಿದುದು ನೆಲದ ಗುಣವನ್ನು ಅವರು ಚೆನ್ನಾಗಿ ಅರಿತಿದ್ದರೆಂಬುದನ್ನು ತೋರಿಸುತ್ತದೆ. ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಈ ಜಿಲ್ಲೆಯ ಮಳೆಯನ್ನೂ ಒಡೆದ ನೆಲವನ್ನೂ ಬೇಸತ್ತು ಬೇಗನೆ ಇಲ್ಲಿಂದ ಬಿಡುಗಡೆ ಬಯಸಿದನು. ಬುಕಾನನ್ನನಾದರೋ 1801ರ ಆರಂಭದ ತಿಂಗಳುಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದು, ಮೂಡಬಿದಿರೆಗಳನ್ನು ಒಂದೊಂದಾಗಿ ನೋಡಿಕೊಂಡು ಸುಖವಾಗಿ ಸಾಗಿದನು. ಒಬ್ಬನು ಈ ನಾಡಿನಲ್ಲಿ ಮಳೆಗಾಲವನ್ನು ಕಳೆದವನು, ಇನ್ನೊಬ್ಬನು ಚಳಿಗಾಲದಲ್ಲಿ ಮಾತ್ರ ದಾಟಿದವನು. ಇಬ್ಬರ ಬರಹಗಳನ್ನು ಹೋಲಿಸುವವರು ಈ ಭೇದವನ್ನು ಗಣನೆಗೆ ತಂದುಕೊಳ್ಳಬೇಕು.

ಬಂಡಿ ರಸ್ತೆಯಾದ ಮೇಲೂ, ಮೋಟಾರು ಬಂದ ಮೇಲೂ ಘಟ್ಟ ತನ್ನ ಪಂಚಾಂಗವನ್ನು ಬಿಟ್ಟುಕೊಟ್ಟಿಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿಯ ಮಗ್ಗುಲುಗಳು ಹಲವೆಡೆ ಕುಸಿದು ಸಂಚಾರ ನಿಂತಿತು.